ಒಂದು ಬಾಹು, ಎರಡು ಕೋನ: ಘಟ್ಟ ದಾಟಿ ಅಳೆದ ಲ್ಯಾಂಬ್ಟನ್

ಮೂಡಿಗೆರೆ, ಕಳಸದ ಕಡೆ ತೋಟದ ಹದ್ದುಬಸ್ತು ಮಾಡಿಸಿದವರಿಗೆ ಗೊತ್ತು, ಗುಡ್ಡ, ಹಳ್ಳ, ಕಾಡಿರೋ ಜಾಗದಲ್ಲಿ ಸರಪಳಿ ಎಳೆಯೋದು ಎಷ್ಟು ಕಷ್ಟ ಅಂತ. 200 ವರ್ಷಗಳ ಹಿಂದೆ ಒಬ್ಬ ಸೇನಾಧಿಕಾರಿ ಮದ್ರಾಸಿನಿಂದ ಪಶ್ಚಿಮ ಘಟ್ಟ ದಾಟಿ ಮಂಗಳೂರಿನವರೆಗೆ ಅಳೆದರು. ಬಳಸಿದ್ದು ಇವತ್ತು ನಮ್ಮ ಮಕ್ಕಳು ಶಾಲೆಯಲ್ಲಿ ಓದೋ ತ್ರಿಭುಜದ ಪಾಠ. ಅವರೇ ವಿಲಿಯಂ ಲ್ಯಾಂಬ್ಟನ್.

ಹುಟ್ಟಿದ್ದು ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ. 1799ರ ಶ್ರೀರಂಗಪಟ್ಟಣ ಯುದ್ಧದಲ್ಲಿ ಟಿಪ್ಪು ವಿರುದ್ಧ ಬ್ರಿಟಿಷ್ ಸೇನೆಯಲ್ಲಿದ್ದರು. ಯುದ್ಧ ಮುಗಿದ ಮೇಲೆ, ಒಂದು ಕರಾವಳಿಯಿಂದ ಇನ್ನೊಂದಕ್ಕೆ ಅಳತೆ ಮಾಡುವ ಯೋಜನೆ ಮುಂದಿಟ್ಟರು. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದರೆ ಪಲ್ಲಕ್ಕಿ ಹೊರುವವರಿಗೆ ಹೇಳಿದರಾಯ್ತು, ಇದಕ್ಕೆ ದುಡ್ಡು ಯಾಕೆ ಎಂದು ಮದ್ರಾಸ್ ಸರ್ಕಾರದಲ್ಲೇ ತಕರಾರು ಬಂತು.

ಲ್ಯಾಂಬ್ಟನ್ ಬಿಡಲಿಲ್ಲ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ 100 ಅಡಿಯ ಉಕ್ಕಿನ ಸರಪಳಿ ಹಿಡಿದು ಸುಮಾರು ಏಳೂವರೆ ಮೈಲಿ ನೆಲ ಅಳೆದರು. 57 ದಿನ ಹಿಡಿಯಿತು. ಮುಂದಿನ ಕೆಲಸ ಹೆಚ್ಚಾಗಿ ಕೋನಗಳದ್ದೇ. ಆ ಗೆರೆಯ ಎರಡೂ ತುದಿಯಲ್ಲಿ ನಿಂತು ದೂರದ ಬೆಟ್ಟದ ಬಾವುಟ ನೋಡಿ ಕೋನ ಅಳೆಯೋದು. ಅದಕ್ಕೆ ಬಳಸಿದ ಥಿಯೋಡೊಲೈಟ್ ಯಂತ್ರದ ತೂಕವೇ ಸುಮಾರು ಅರ್ಧ ಟನ್.

ಒಂದು ಬಾಹು, ಅದರ ಎರಡು ತುದಿಯ ಕೋನ ಸಾಕೇ? ಸಾಕು. ಎರಡು ತ್ರಿಭುಜಗಳಲ್ಲಿ ಇವು ಮೂರೂ ಸಮ ಅಂದುಕೊಳ್ಳಿ. ಒಂದನ್ನು ಇನ್ನೊಂದರ ಮೇಲಿಡಿ. ಬಾಹುವಿನ ಮೇಲೆ ಬಾಹು ಕೂರುತ್ತದೆ. ಕೋನಗಳು ಸಮವಾದ್ದರಿಂದ ಉಳಿದ ಎರಡು ಗೆರೆಗಳೂ ಒಂದರ ಮೇಲೊಂದು ಬೀಳುತ್ತವೆ. ಎರಡು ನೇರ ಗೆರೆ ಸೇರೋದು ಒಂದೇ ಬಿಂದುವಿನಲ್ಲಿ. ಹಾಗಾಗಿ ಮೂರನೇ ಶೃಂಗವೂ ಅಲ್ಲೇ. ತ್ರಿಭುಜಗಳು ಸರ್ವಸಮ. ಮಕ್ಕಳು ಕೋ.ಬಾ.ಕೋ. ಅಂತ ಓದೋದು ಇದನ್ನೇ. ಅಂದರೆ ಬೆಟ್ಟ ಇರಬಹುದಾದ ಜಾಗ ಒಂದೇ. ಅಲ್ಲಿಗೆ ಸರಪಳಿ ಎಳೆಯದೆ ದೂರ ಸಿಗುತ್ತದೆ. ಆ ದೂರವೇ ಮುಂದಿನ ತ್ರಿಭುಜದ ಬಾಹು.

1804ರಲ್ಲಿ ಬೆಂಗಳೂರಿನ ಬಳಿ ಮತ್ತೆ ನೆಲ ಅಳೆದು ನೋಡಿದರೆ ಲೆಕ್ಕಕ್ಕೂ ಸರಪಳಿಗೂ ವ್ಯತ್ಯಾಸ ಕೆಲವೇ ಇಂಚು! ಮಂಗಳೂರು ಮುಟ್ಟಿದಾಗ ಹಳೇ ನಕ್ಷೆಗಳ ಬಣ್ಣ ಬಯಲಾಯಿತು. ಸುಮಾರು 360 ಮೈಲಿ ಅಗಲದ ನೆಲವನ್ನು ಅವು 40 ಮೈಲಿ ಹೆಚ್ಚಾಗಿ ತೋರಿಸಿದ್ದವು. ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಹೋಗಿ ಬರುವಷ್ಟು ದೂರದ ತಪ್ಪು.

1808ರಲ್ಲಿ ತಂಜಾವೂರಿನ ದೇವಾಲಯದ ಮೇಲೇರಿಸುವಾಗ ಹಗ್ಗ ತುಂಡಾಗಿ ಯಂತ್ರ ಜಖಂ ಆಯಿತು. ಲ್ಯಾಂಬ್ಟನ್ ವಾರಗಟ್ಟಲೆ ಕೂತು ತಾವೇ ರಿಪೇರಿ ಮಾಡಿದರು. 1823ರ ಜನವರಿಯಲ್ಲಿ, ಅಳತೆ ಉತ್ತರಕ್ಕೆ ಸಾಗುತ್ತಿರುವಾಗಲೇ, ಈಗಿನ ಮಹಾರಾಷ್ಟ್ರದ ಹಿಂಗನ್‌ಘಾಟ್‌ನಲ್ಲಿ ತೀರಿಕೊಂಡರು. ಸಮಾಧಿ ಅಲ್ಲೇ ಇದೆ.

ಮನೆಯಲ್ಲಿ ಮಕ್ಕಳು ಈ ಪ್ರಮೇಯ ಯಾಕೆ ಕಲೀಬೇಕು ಅಂತ ಕೇಳಿದರೆ, ಎದುರಿನ ಗುಡ್ಡ ತೋರಿಸಿ ಈ ಕತೆ ಹೇಳಿ.