ಲಂಡನ್ನಿನ ನ್ಯಾಯಾಲಯದಲ್ಲಿ ಕೊಡಗಿನ ಅರಸ

ಹಾರಂಗಿಯು ಕಾವೇರಿಯನ್ನು ಸೇರುವ ಕೂಡಿಗೆಗೆ ಸಮೀಪದ ಕುಶಾಲನಗರಕ್ಕೆ ಬಹುಕಾಲ ಫ್ರೇಸರ್‌ಪೇಟೆ ಎಂಬ ಹೆಸರಿದ್ದಿತು. 1834ರ ಏಪ್ರಿಲಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದೊಡನೆ ಮಡಿಕೇರಿಯನ್ನು ಪ್ರವೇಶಿಸಿದ ಕರ್ನಲ್ ಫ್ರೇಸರನ ಹೆಸರದು. ಅಂದು ಸಿಂಹಾಸನವನ್ನು ಕಳೆದುಕೊಂಡವನು ಹಾಲೇರಿ ವಂಶದ ಕಡೆಯ ಅರಸ ಚಿಕವೀರರಾಜೇಂದ್ರ. ಅವನ ಆಳ್ವಿಕೆಯ ಕ್ರೌರ್ಯವನ್ನು ಇತಿಹಾಸವು ಮರೆಮಾಚಿಲ್ಲ; ಆದರೆ ಅವನ ಹಣದ ಪ್ರಶ್ನೆಯೇ ಬೇರೆ.

ದೊಡ್ಡವೀರರಾಜೇಂದ್ರನು ಕಂಪನಿಯ ಸಾಲಪತ್ರಗಳಲ್ಲಿ ತೊಡಗಿಸಿದ್ದ ಹಣವನ್ನು ಯುದ್ಧಾನಂತರ ಕಂಪನಿಯೇ ಉಳಿಸಿಕೊಂಡಿತು. ಗಡೀಪಾರಾಗಿ ಕಾಶಿಯಲ್ಲಿದ್ದ ಅರಸನು 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ತೆರಳಿದನು. ಆಕೆಯ ಕ್ರೈಸ್ತದೀಕ್ಷೆಯಲ್ಲಿ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾದಳು. ಅರಮನೆಯ ಆ ಆದರದಿಂದ ಹಣವೇನೂ ಮರಳಲಿಲ್ಲ. ಅರಸನು ವಕೀಲರನ್ನು ನೇಮಿಸಿಕೊಂಡು ಚಾನ್ಸರಿ ನ್ಯಾಯಾಲಯದಲ್ಲಿ ಕಂಪನಿಯ ಮೇಲೆ ದಾವೆ ಹೂಡಿದನು. ಆ ದೇಶದ ಪದ್ಧತಿಯಂತೆ ಕಾಗದಪತ್ರಗಳನ್ನು ಸಿದ್ಧಪಡಿಸುವವನು ಸಾಲಿಸಿಟರ್; ನ್ಯಾಯಾಧೀಶರ ಮುಂದೆ ವಾದಿಸುವವನು ಬ್ಯಾರಿಸ್ಟರ್. ಕೊಡಗಿನಲ್ಲಿ ತಾನೇ ತೀರ್ಪು ನೀಡುತ್ತಿದ್ದವನು ಪರದೇಶದಲ್ಲಿ, ಪರಭಾಷೆಯಲ್ಲಿ, ಪರರ ಬಾಯಿಂದ ತನ್ನ ಅಹವಾಲನ್ನು ಹೇಳಿಸಬೇಕಾಯಿತು.

1859ರ ಸೆಪ್ಟೆಂಬರಿನಲ್ಲಿ ಅವನು ಲಂಡನ್ನಿನಲ್ಲಿಯೇ ತೀರಿಕೊಂಡನು. 1860ರಲ್ಲಿ ದಾವೆಯು ವಜಾ ಆಯಿತು. ಯುದ್ಧದಲ್ಲಿ ಕಂಪನಿಯು ವಶಪಡಿಸಿಕೊಂಡದ್ದು ರಾಜ್ಯಾಧಿಕಾರದ ಕಾರ್ಯವೆಂದೂ ಅದನ್ನು ವಿಚಾರಿಸುವ ಅಧಿಕಾರ ತನಗಿಲ್ಲವೆಂದೂ ನ್ಯಾಯಾಲಯವು ತಿಳಿಸಿತು. ಅರಸನ ಸಮಾಧಿಯಿರುವುದು ಲಂಡನ್ನಿನ ಕೆನ್ಸಲ್ ಗ್ರೀನ್ ರುದ್ರಭೂಮಿಯಲ್ಲಿ.