ಭೂಪಟದಿಂದ ಮರೆಯಾದ ದೇಶದ ಸೇನಾನಿ: ತಾದೇವುಶ್ ಕೊಶ್ಚುಷ್ಕೊ

ಹದಿನೆಂಟನೇ ಶತಮಾನದ ಕೊನೆಯ ಯೂರೋಪನ್ನು ಬೋಧಿಸುವಾಗ ಫ್ರಾನ್ಸಿನ ಕ್ರಾಂತಿಗೇ ನಮ್ಮ ಅವಧಿ ಮುಗಿದುಹೋಗುತ್ತದೆ. ಅದೇ ವರ್ಷಗಳಲ್ಲಿ ಪೋಲೆಂಡ್ ಎಂಬ ದೊಡ್ಡ ದೇಶವೊಂದು ಭೂಪಟದಿಂದಲೇ ಅಳಿಸಿಹೋಯಿತು. ಅದನ್ನು ಮಕ್ಕಳಿಗೆ ಮನಗಾಣಿಸಲು ಕೊಶ್ಚುಷ್ಕೊನ ಜೀವನ ನೆರವಾಗುತ್ತದೆ.

ಕೊಶ್ಚುಷ್ಕೊ 1746ರಲ್ಲಿ, ಈಗ ಬೆಲಾರುಸ್‌ಗೆ ಸೇರಿರುವ ಪ್ರದೇಶದ ಸಾಧಾರಣ ಜಮೀನ್ದಾರಿ ಕುಟುಂಬವೊಂದರಲ್ಲಿ ಹುಟ್ಟಿದನು. ವಾರ್ಸಾದ ಸೈನಿಕ ಶಾಲೆಯಲ್ಲಿ, ಬಳಿಕ ಪ್ಯಾರಿಸ್ಸಿನಲ್ಲಿ ಕಲಿತನು. ಅವನು ಪ್ಯಾರಿಸ್ಸಿನಲ್ಲಿದ್ದಾಗಲೇ, 1772ರಲ್ಲಿ, ರಷ್ಯ, ಪ್ರಷ್ಯ ಮತ್ತು ಆಸ್ಟ್ರಿಯ ಪೋಲೆಂಡಿನ ಗಡಿಪ್ರಾಂತ್ಯಗಳನ್ನು ಹಂಚಿಕೊಂಡವು. 1776ರಲ್ಲಿ ಅವನು ಅಮೆರಿಕಕ್ಕೆ ಹೋಗಿ, ಅಲ್ಲಿನ ಸ್ವಾತಂತ್ರ್ಯ ಯುದ್ಧದಲ್ಲಿ ಎಂಜಿನಿಯರನಾಗಿ ಸೇವೆ ಸಲ್ಲಿಸಿದನು. ಸರಟೋಗದಲ್ಲಿಯೂ ವೆಸ್ಟ್ ಪಾಯಿಂಟ್‌ನಲ್ಲಿಯೂ ರಕ್ಷಣಾ ನೆಲೆಗಳನ್ನು ರೂಪಿಸಿದನು.

1784ರಲ್ಲಿ ತಾಯ್ನಾಡಿಗೆ ಮರಳಿದನು. 1791ರ ಮೇ 3ರಂದು ಪೋಲೆಂಡ್ ಹೊಸ ಸಂವಿಧಾನವನ್ನು ಅಂಗೀಕರಿಸಿತು. ನೆರೆಯ ದೇಶ ಬಲಗೊಳ್ಳುವುದು ರಷ್ಯದ ಸಾಮ್ರಾಜ್ಞಿ ಕ್ಯಾಥರೀನ್‌ಗೆ ಬೇಕಿರಲಿಲ್ಲ. 1792ರಲ್ಲಿ ಅವಳ ಸೇನೆ ನುಗ್ಗಿತು. ಕೊಶ್ಚುಷ್ಕೊ ಧೈರ್ಯದಿಂದ ಕಾದಾಡಿದರೂ ಅರಸನೇ ಮಣಿದನು. 1793ರಲ್ಲಿ ರಷ್ಯ ಮತ್ತು ಪ್ರಷ್ಯ ಎರಡನೆಯ ಬಾರಿ ದೇಶವನ್ನು ಹಂಚಿಕೊಂಡವು. ಅವನು ಪ್ಯಾರಿಸ್ಸಿಗೆ ಹೋಗಿ ನೆರವು ಕೇಳಿದನು. ಫ್ರಾನ್ಸ್ ತನ್ನದೇ ಯುದ್ಧಗಳಲ್ಲಿ ಮುಳುಗಿತ್ತು; ನೆರವು ದೊರೆಯಲಿಲ್ಲ.

1794ರ ಮಾರ್ಚ್ 24ರಂದು ಕ್ರಾಕೋವ್ ನಗರದ ಚೌಕದಲ್ಲಿ ಅವನು ದಂಗೆಯ ನಾಯಕತ್ವ ವಹಿಸಿ ಪ್ರತಿಜ್ಞೆ ಮಾಡಿದನು. ಶ್ರೀಮಂತರ ಸೇನೆಯೊಂದರಿಂದಲೇ ದೇಶ ಉಳಿಯದೆಂದು ಅರಿತು ರೈತರನ್ನು ಕರೆದನು. ಏಪ್ರಿಲ್ 4ರಂದು ರಾತ್ಸ್ಲವಿತ್ಸೆಯಲ್ಲಿ, ಹುಲ್ಲು ಕೊಯ್ಯುವ ಉದ್ದ ಹಿಡಿಯ ಕತ್ತಿಗಳನ್ನು ಹಿಡಿದ ರೈತರು ರಷ್ಯದ ಫಿರಂಗಿಗಳನ್ನು ವಶಪಡಿಸಿಕೊಂಡರು. ಮೇ ತಿಂಗಳಿನಲ್ಲಿ ಅವನು ಹೊರಡಿಸಿದ ಘೋಷಣೆ ರೈತರಿಗೆ ವೈಯಕ್ತಿಕ ಸ್ವಾತಂತ್ರ್ಯ ನೀಡಿ, ಬಿಟ್ಟಿ ದುಡಿಮೆಯ ದಿನಗಳನ್ನು ತಗ್ಗಿಸಿತು. ಆದರೆ ಅನೇಕ ಜಮೀನ್ದಾರರು ಅದನ್ನು ಜಾರಿಗೆ ತರಲಿಲ್ಲ. ಅಕ್ಟೋಬರ್‌ನಲ್ಲಿ ಅವನು ಗಾಯಗೊಂಡು ಸೆರೆಯಾದನು. 1795ರಲ್ಲಿ ಮೂರು ರಾಜ್ಯಗಳು ಉಳಿದ ಭಾಗವನ್ನೂ ಹಂಚಿಕೊಂಡವು. ಪೋಲೆಂಡಿನತ್ತ ಕಣ್ಣಿಟ್ಟಿದ್ದ ಪ್ರಷ್ಯ ಅದೇ ವರ್ಷ ಬಾಸೆಲ್‌ನಲ್ಲಿ ಫ್ರಾನ್ಸಿನೊಡನೆ ಸಂಧಿ ಮಾಡಿಕೊಂಡಿತು. ಪೋಲೆಂಡಿನ ಪತನ ಫ್ರಾನ್ಸಿಗೆ ಉಸಿರಾಡಲು ಅವಕಾಶವಿತ್ತಿತು.

1796ರಲ್ಲಿ ಕ್ಯಾಥರೀನ್ ತೀರಿಕೊಂಡ ಮೇಲೆ ಅವನಿಗೆ ಬಿಡುಗಡೆಯಾಯಿತು. 1798ರಲ್ಲಿ ಅಮೆರಿಕದಿಂದ ಹೊರಡುವ ಮುನ್ನ, ಅಲ್ಲಿನ ತನ್ನ ಹಣವನ್ನು ಗುಲಾಮರ ಬಿಡುಗಡೆಗೂ ಶಿಕ್ಷಣಕ್ಕೂ ಬಳಸುವಂತೆ ಜೆಫರ್‌ಸನ್‌ಗೆ ಉಯಿಲು ಬರೆದುಕೊಟ್ಟನು. ಅದು ಈಡೇರಲಿಲ್ಲ. ನೆಪೋಲಿಯನ್ ಕರೆದರೂ ಅವನ ಜೊತೆಗೂಡಲಿಲ್ಲ. 1817ರಲ್ಲಿ ಸ್ವಿಟ್ಜರ್ಲೆಂಡಿನ ಸೊಲೊಥುರ್ನ್‌ನಲ್ಲಿ ನಿಧನನಾದನು. ಪೋಲೆಂಡ್ ಮತ್ತೆ ಸ್ವತಂತ್ರ ದೇಶವಾದದ್ದು 1918ರಲ್ಲಿ, 123 ವರ್ಷಗಳ ಬಳಿಕ.

ಪ್ರಶಿಕ್ಷಣಾರ್ಥಿಗಳು 1772, 1793 ಮತ್ತು 1795ರ ಮೂರು ನಕ್ಷೆಗಳನ್ನು ಕಪ್ಪುಹಲಗೆಯ ಮೇಲೆ ಒಂದರ ಪಕ್ಕದಲ್ಲೊಂದು ಬರೆಯಲಿ. ಬಳಿಕ ಒಂದೇ ಪ್ರಶ್ನೆ ಕೇಳಲಿ: ತನ್ನದೆಂದು ಹಿಡಿ ನೆಲವೂ ಇಲ್ಲದ ರೈತ ಈ ದೇಶಕ್ಕಾಗಿ ಏಕೆ ಹೋರಾಡಬೇಕಿತ್ತು? ಕೊಶ್ಚುಷ್ಕೊ ಉತ್ತರ ಹುಡುಕಿದ್ದು ಈ ಪ್ರಶ್ನೆಗೇ. ಮಕ್ಕಳೂ ತಾವಾಗಿ ಹುಡುಕಲಿ. ಉತ್ತರ ಹೇಳಲು ನಾವು ಆತುರಪಡುವುದು ಬೇಡ.