ಮಹಮೂದ್ ಗವಾನ್

ಮಹಮೂದ್ ಗವಾನ್ (ಸುಮಾರು 1411 – 5 ಏಪ್ರಿಲ್ 1481) ಬಹಮನಿ ರಾಜ್ಯದ ಪ್ರಧಾನಮಂತ್ರಿ, ಸೇನಾನಿ, ವಿದ್ವಾಂಸ ಹಾಗೂ ವರ್ತಕ. ಪೂರ್ಣ ಹೆಸರು ಖ್ವಾಜಾ ಇಮಾದುದ್ದೀನ್ ಮಹಮೂದ್. ಪರ್ಷಿಯಾದಿಂದ ವ್ಯಾಪಾರಕ್ಕೆಂದು ದಖ್ಖನಿಗೆ ಬಂದ ಈತ ಬೀದರಿನಲ್ಲಿ ನೆಲೆಸಿ ಸುಮಾರು ಎರಡು ದಶಕಗಳ ಕಾಲ ರಾಜ್ಯದ ಆಡಳಿತವನ್ನು ನಿರ್ವಹಿಸಿದನು. ಈತನಿಗೆ ದೊರೆತ ಬಿರುದುಗಳಲ್ಲಿ ಮಲಿಕ್-ಉತ್-ತುಜ್ಜಾರ್ ಎಂಬುದು ಪ್ರಸಿದ್ಧವಾದುದು. ವರ್ತಕರ ಒಡೆಯ ಎಂಬುದು ಅದರ ಅರ್ಥ. ಬೀದರಿನ ಮದರಸಾ ಈತನ ಕಾಲದ ಮುಖ್ಯ ಸ್ಮಾರಕ. ಬೀದರಿನ ಪೇಟೆ ಅಂತರರಾಷ್ಟ್ರೀಯ ವ್ಯಾಪಾರದ ಕೇಂದ್ರವಾಗಿ ಮೆರೆದದ್ದು ಮತ್ತು ಅದರ ಇಳಿಗಾಲ ಆರಂಭವಾದದ್ದು ಈತನ ಜೀವನ ಹಾಗೂ ಮರಣದೊಂದಿಗೆ ನಿಕಟವಾಗಿ ಬೆಸೆದುಕೊಂಡಿವೆ.

ಆರಂಭಿಕ ಜೀವನ

ಗವಾನನು ಕ್ಯಾಸ್ಪಿಯನ್ ಸಮುದ್ರತೀರದ ಗೀಲಾನ್ ಪ್ರಾಂತದಲ್ಲಿ ಜನಿಸಿದನು. ಅಲ್ಲಿನ ಗವಾನ್ ಎಂಬ ಊರಿನಿಂದ ಈತನಿಗೆ ಈ ಹೆಸರು ಬಂದಿತು. ಈತನ ಮನೆತನದವರು ಗೀಲಾನಿನ ಅರಸರಲ್ಲಿ ಮಂತ್ರಿಗಳಾಗಿದ್ದರು. ಆಸ್ಥಾನದ ಒಳಜಗಳಗಳಿಂದಾಗಿ ಈತ ತಾಯ್ನಾಡನ್ನು ತೊರೆದು ವ್ಯಾಪಾರವನ್ನು ಕೈಗೊಂಡನು. ಕೈರೋ, ದಮಾಸ್ಕಸ್ ಮೊದಲಾದ ನಗರಗಳಲ್ಲಿ ಸಂಚರಿಸಿ ವ್ಯಾಪಾರದ ಜೊತೆಗೆ ವಿದ್ವಾಂಸರ ಒಡನಾಟವನ್ನೂ ಬೆಳೆಸಿಕೊಂಡನು.

1453ರ ಸುಮಾರಿಗೆ, ನಲವತ್ತು ದಾಟಿದ ವಯಸ್ಸಿನಲ್ಲಿ, ಈತ ಕೊಂಕಣ ತೀರದ ದಾಭೋಳ್ ಬಂದರಿನಲ್ಲಿ ಇಳಿದನು. ಬೀದರಿನಲ್ಲಿದ್ದ ಸೂಫಿ ಸಂತ ಶಾ ಮುಹಿಬ್ಬುಲ್ಲಾನನ್ನು ಕಾಣುವುದು ಮತ್ತು ಸರಕನ್ನು ಮಾರುವುದು ಈ ಪ್ರಯಾಣದ ಉದ್ದೇಶವಾಗಿದ್ದವು. ಬೀದರಿನಿಂದ ದೆಹಲಿಗೆ ಹೋಗಬೇಕೆಂದಿದ್ದ ಈತನನ್ನು ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದ್ ಷಾ ತನ್ನ ಸೇವೆಯಲ್ಲಿಯೇ ಉಳಿಸಿಕೊಂಡನು. ನಲ್ಗೊಂಡದಲ್ಲಿ ನಡೆದ ಜಲಾಲ್ ಖಾನನ ದಂಗೆಯನ್ನು ಅಡಗಿಸಿದ್ದು ಈತನ ಮೊದಲ ಸೇನಾ ಕಾರ್ಯ.

ರಾಜಕೀಯ ಏಳಿಗೆ

1458ರಲ್ಲಿ ಪಟ್ಟಕ್ಕೆ ಬಂದ ಹುಮಾಯೂನ್ ಷಾ ಗವಾನನಿಗೆ ಮಲಿಕ್-ಉತ್-ತುಜ್ಜಾರ್ ಎಂಬ ಬಿರುದನ್ನೂ ಬಿಜಾಪುರದ ಅಧಿಕಾರವನ್ನೂ ನೀಡಿದನು. 1461ರಲ್ಲಿ ಹುಮಾಯೂನ್ ತೀರಿಕೊಂಡಾಗ ಉತ್ತರಾಧಿಕಾರಿ ನಿಜಾಮ್ ಷಾ ಎಂಟು ವರ್ಷದ ಬಾಲಕ. ರಾಜಮಾತೆ, ಖ್ವಾಜಾ ಜಹಾನ್ ತುರ್ಕ್ ಮತ್ತು ಗವಾನ್ ಈ ಮೂವರು ಸೇರಿ ರಾಜ್ಯಭಾರವನ್ನು ನಡೆಸಿದರು. 1462ರಲ್ಲಿ ಮಾಳವದ ಮಹಮೂದ್ ಖಿಲ್ಜಿ ಬೀದರನ್ನು ಮುತ್ತಿದಾಗ ಗವಾನನು ಗುಜರಾತಿನ ಸುಲ್ತಾನನ ನೆರವನ್ನು ಪಡೆದು ಶತ್ರುವನ್ನು ಹಿಮ್ಮೆಟ್ಟಿಸಿದನು. ಮರುವರ್ಷ ನಿಜಾಮ್ ಷಾ ಮರಣಹೊಂದಿ, ಅವನ ತಮ್ಮ ಮೂರನೆಯ ಮುಹಮ್ಮದ್ ಷಾ ಸಿಂಹಾಸನವನ್ನೇರಿದನು. 1466ರಲ್ಲಿ ಖ್ವಾಜಾ ಜಹಾನ್ ತುರ್ಕ್ ಕೊಲೆಗೀಡಾದ ಬಳಿಕ ಗವಾನನು ಪ್ರಧಾನಮಂತ್ರಿಯಾದನು.

ಬೀದರಿನ ಪೇಟೆ

ಬೀದರ್ ನಗರವು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಅದರಾಚೆಗೆ ಇಂದಿನ ಭಾಲ್ಕಿ, ಔರಾದ್ ತಾಲ್ಲೂಕುಗಳ ಕಪ್ಪುಮಣ್ಣಿನ ಬಯಲು ಹರಡಿದೆ. ಸುತ್ತಲಿನ ಬಯಲಿನಲ್ಲಿ ಧಾನ್ಯ ಬೆಳೆಯುತ್ತಿತ್ತಾದರೂ ರಾಜಧಾನಿಯ ಪೇಟೆಯ ಬಲುಬೆಲೆಯ ಸರಕು ಬರುತ್ತಿದ್ದುದು ಪಶ್ಚಿಮ ಕರಾವಳಿಯ ಬಂದರುಗಳಿಂದ. ಅವುಗಳಲ್ಲಿ ಪ್ರಮುಖವಾದುದು ಕುದುರೆ. ದಖ್ಖನಿನ ಸೈನ್ಯಗಳು ಅಶ್ವದಳವನ್ನು ಅವಲಂಬಿಸಿದ್ದವು. ಉತ್ತಮ ತಳಿಯ ಕುದುರೆಗಳಾದರೋ ಅರೇಬಿಯಾ ಮತ್ತು ಪರ್ಷಿಯಾಗಳಿಂದ ಹಡಗಿನಲ್ಲಿ ಬರಬೇಕಾಗಿತ್ತು.

1470ರ ಆಸುಪಾಸಿನಲ್ಲಿ ಬೀದರಿಗೆ ಬಂದಿದ್ದ ರಷ್ಯದ ಟ್ವೆರ್ ನಗರದ ವರ್ತಕ ಅಫನಾಸಿ ನಿಕಿತಿನ್ ಈ ಪೇಟೆಯ ಪ್ರತ್ಯಕ್ಷ ಚಿತ್ರವನ್ನು ಬಿಟ್ಟುಹೋಗಿದ್ದಾನೆ. ಅವನು ಮಾರಲೆಂದು ಒಂದೇ ಒಂದು ಕುದುರೆಯನ್ನು ತಂದಿದ್ದನು. ಜುನ್ನಾರಿನಲ್ಲಿ ಅಲ್ಲಿನ ಅಧಿಕಾರಿ ಅದನ್ನು ಕಿತ್ತುಕೊಂಡು, ಮತಾಂತರವಾದರೆ ಮಾತ್ರ ಮರಳಿಸುವುದಾಗಿ ಹೇಳಿದನು. ಖುರಾಸಾನಿನ ವರ್ತಕನೊಬ್ಬನ ಮಧ್ಯಸ್ಥಿಕೆಯಿಂದ ಅದು ನಿಕಿತಿನನ ಕೈಸೇರಿತು. ಬೀದರಿನಲ್ಲಿ ಅದು ಬೇಗನೆ ಮಾರಾಟವಾಗಲಿಲ್ಲ. ಇಲ್ಲಿ ಕುದುರೆಗಳಿಗೆ ಕಾಳನ್ನೂ ಸಕ್ಕರೆ, ಎಣ್ಣೆ ಬೆರೆಸಿ ಬೇಯಿಸಿದ ಕಿಚಡಿಯನ್ನೂ ತಿನ್ನಿಸುತ್ತಿದ್ದರು. ಆದುದರಿಂದ ಮಾರಾಟವಾಗದೆ ಉಳಿದ ಪ್ರತಿಯೊಂದು ದಿನವೂ ಮಾಲೀಕನಿಗೆ ಖರ್ಚನ್ನು ತರುತ್ತಿತ್ತು. ಹಡಗಿನ ಬಾಡಿಗೆ, ಬಂದರಿನ ಸುಂಕ, ದಾರಿಯ ಅಪಾಯ ಮತ್ತು ಮೇವು ಇವೆಲ್ಲವೂ ಕುದುರೆಯ ಬೆಲೆಯಲ್ಲಿ ಸೇರಿಕೊಳ್ಳುತ್ತಿದ್ದವು. ಖರ್ಚಿನ ಭಾರ ಹೆಚ್ಚಿದಷ್ಟೂ ಕೊಳ್ಳುವವನ ಕೈ ಮೇಲಾಗುತ್ತಿತ್ತು.

ವರ್ಷಕ್ಕೊಮ್ಮೆ ಹತ್ತು ದಿನಗಳ ಕಾಲ ನಡೆಯುತ್ತಿದ್ದ ದೊಡ್ಡ ಸಂತೆಯೊಂದನ್ನೂ ನಿಕಿತಿನ್ ವರ್ಣಿಸಿದ್ದಾನೆ. ಅದು ಆಳಂದದ ಸಂತೆಯೆಂದು ಗುರುತಿಸಲಾಗಿದೆ. ಅಲ್ಲಿಗೆ ಮಾರಾಟಕ್ಕೆ 20,000 ಕುದುರೆಗಳವರೆಗೆ ಬರುತ್ತಿದ್ದವೆಂಬುದು ಅವನ ಅಂದಾಜು. ಬೀದರಿನಲ್ಲಿ ಕುದುರೆ, ಬಟ್ಟೆ, ರೇಷ್ಮೆಗಳ ಜೊತೆಗೆ ಮನುಷ್ಯರೂ ಗುಲಾಮರಾಗಿ ಮಾರಾಟವಾಗುತ್ತಿದ್ದರು. ಕುಲೀನರ ಅಪಾರ ವೈಭವವನ್ನೂ ಹಳ್ಳಿಗರ ಬಡತನವನ್ನೂ ಅವನು ಒಟ್ಟಿಗೆ ದಾಖಲಿಸಿದ್ದಾನೆ. ಗವಾನನನ್ನು ಅವನು ಬಿರುದಿನಿಂದಲೇ ಹೆಸರಿಸಿ, ಅವನ ಪಂಕ್ತಿಯಲ್ಲಿ ಪ್ರತಿದಿನ 500 ಜನ ಊಟ ಮಾಡುತ್ತಿದ್ದರೆಂದು ತಿಳಿಸಿದ್ದಾನೆ.

ಬಂದರುಗಳು ಮತ್ತು ವಿದೇಶ ವ್ಯಾಪಾರ

ಕೊಂಕಣದ ಖೇಳ್ಣಾ (ಇಂದಿನ ವಿಶಾಲಗಡ) ಮತ್ತು ಸಂಗಮೇಶ್ವರದ ಅರಸರು ಹಡಗುಗಳನ್ನು ದೋಚಿ ವರ್ತಕರಿಗೂ ಯಾತ್ರಿಕರಿಗೂ ಕಂಟಕರಾಗಿದ್ದರು. 1469ರಲ್ಲಿ ಗವಾನನು ಪಶ್ಚಿಮದ ದಂಡಯಾತ್ರೆಯನ್ನು ಆರಂಭಿಸಿ ಈ ಕೋಟೆಗಳನ್ನು ಒಂದೊಂದಾಗಿ ವಶಪಡಿಸಿಕೊಂಡನು. 1472ರಲ್ಲಿ ವಿಜಯನಗರದ ಅಧೀನದಲ್ಲಿದ್ದ ಗೋವೆಯನ್ನು ಗೆದ್ದನು. ಕುದುರೆ ವ್ಯಾಪಾರದ ಮುಖ್ಯ ಬಂದರು ಕೈಬಿಟ್ಟುದರಿಂದ ವಿಜಯನಗರಕ್ಕೆ ಆದಾಯದ ಜೊತೆಗೆ ಸೈನ್ಯಕ್ಕೆ ಕುದುರೆ ಒದಗುವ ದಾರಿಯೂ ಕುಗ್ಗಿತು. ಮರುವರ್ಷ ಬೆಳಗಾವಿಯೂ ಬಹಮನಿಗಳ ವಶವಾಯಿತು.

ಮಂತ್ರಿಯಾದ ಮೇಲೂ ಗವಾನನು ವ್ಯಾಪಾರವನ್ನು ಬಿಡಲಿಲ್ಲ. ಈತನ ಪ್ರತಿನಿಧಿಗಳು ಭಾರತದ ಬಟ್ಟೆ ಮೊದಲಾದ ಸರಕನ್ನು ಆಟೊಮನ್ ಸಾಮ್ರಾಜ್ಯದ ಬರ್ಸಾ ನಗರಕ್ಕೆ ಒಯ್ದು ಮಾರುತ್ತಿದ್ದ ಸಂಗತಿ ಆ ನಗರದ ನ್ಯಾಯಾಲಯದ ದಾಖಲೆಗಳಿಂದ ತಿಳಿದುಬಂದಿದೆ. ಇತಿಹಾಸಕಾರ ಫೆರಿಷ್ತಾನ ಪ್ರಕಾರ ಈತ ಸರ್ಕಾರದ ಕೆಲಸಕ್ಕೆ ಬಂದ ಹಣವನ್ನೂ ತನ್ನ ವ್ಯಾಪಾರದ ಬಂಡವಾಳವನ್ನೂ ಬೇರೆಬೇರೆಯಾಗಿ ಇರಿಸಿದ್ದನು. ಪರ್ಷಿಯಾದಿಂದ ತಂದ ಬಂಡವಾಳದ ಲಾಭದಲ್ಲಿಯೇ ಸ್ವಂತ ಊಟ, ಬಟ್ಟೆಗಳ ಖರ್ಚನ್ನು ನಿಭಾಯಿಸಿ, ಉಳಿದುದನ್ನು ಬಂಧುಗಳಿಗೂ ವಿದ್ವಾಂಸರಿಗೂ ಬಡವರಿಗೂ ಹಂಚುತ್ತಿದ್ದನು.

ಆಡಳಿತ ಸುಧಾರಣೆಗಳು

ರಾಜ್ಯದ ನಾಲ್ಕು ಪ್ರಾಂತಗಳನ್ನು ಗವಾನನು ಎಂಟಾಗಿ ವಿಭಜಿಸಿದನು. ಬೀರಾರ್ ಪ್ರಾಂತವು ಗಾವಿಲ್ ಮತ್ತು ಮಾಹೂರ್ ಎಂದೂ, ದೌಲತಾಬಾದ್ ಪ್ರಾಂತವು ದೌಲತಾಬಾದ್ ಮತ್ತು ಜುನ್ನಾರ್ ಎಂದೂ, ಗುಲ್ಬರ್ಗ ಪ್ರಾಂತವು ಗುಲ್ಬರ್ಗ ಮತ್ತು ಬಿಜಾಪುರ ಎಂದೂ, ತೆಲಂಗಾಣವು ವಾರಂಗಲ್ ಮತ್ತು ರಾಜಮಹೇಂದ್ರಿ ಎಂದೂ ಪುನರ್ರಚನೆಗೊಂಡವು. ಪ್ರತಿ ಪ್ರಾಂತಾಧಿಕಾರಿಯ ಕೈಯಲ್ಲಿ ಒಂದು ಕೋಟೆಯನ್ನು ಮಾತ್ರ ಉಳಿಸಿ, ಉಳಿದವುಗಳ ಅಧಿಕಾರಿಗಳನ್ನು ಬೀದರಿನಿಂದಲೇ ನೇಮಿಸಲಾಯಿತು. ಪ್ರಾಂತಗಳ ಕೆಲವು ಭೂಭಾಗಗಳನ್ನು ನೇರವಾಗಿ ಸುಲ್ತಾನನ ಖಜಾನೆಗೆ ಸೇರಿಸಲಾಯಿತು. ಸರದಾರರು ನಿಗದಿಗಿಂತ ಕಡಿಮೆ ಸೈನಿಕರನ್ನು ಇಟ್ಟುಕೊಂಡಿದ್ದರೆ ಆ ಪ್ರಮಾಣದ ವೇತನವನ್ನು ಕಡಿತಗೊಳಿಸಲಾಗುತ್ತಿತ್ತು.

ಗವಾನನು ಜಮೀನುಗಳ ಅಳತೆ ಮಾಡಿಸಿ, ಹಳ್ಳಿಗಳ ಎಲ್ಲೆಗಳನ್ನು ಗುರುತಿಸಿ, ಕಂದಾಯವನ್ನು ಗೊತ್ತುಪಡಿಸುವ ಕ್ರಮವನ್ನೂ ತಂದನು. ಇದರಿಂದ ಖಜಾನೆಗೆ ಬರಬೇಕಾದುದೆಷ್ಟು ಎಂಬುದು ಸ್ಪಷ್ಟವಾಯಿತು; ಅಧಿಕಾರಿಗಳು ಮನಬಂದಂತೆ ವಸೂಲು ಮಾಡುವ ಅವಕಾಶ ಕಡಿಮೆಯಾಯಿತು. ಈ ಕಾರಣದಿಂದಲೇ ಅನೇಕ ಸರದಾರರು ಈತನ ವೈರಿಗಳಾದರು. ಆಸ್ಥಾನದಲ್ಲಿ ಮೊದಲಿನಿಂದಲೂ ಇದ್ದ ದಖ್ಖನಿಗಳು ಮತ್ತು ಹೊರದೇಶದಿಂದ ಬಂದ ಅಫಾಕಿಗಳ ನಡುವಣ ವೈಮನಸ್ಯ ಇದಕ್ಕೆ ಇಂಬು ನೀಡಿತು. ಗವಾನನು ಎರಡೂ ಪಕ್ಷದವರಿಗೆ ಹುದ್ದೆಗಳನ್ನು ಹಂಚಿ ಸಮತೋಲನವನ್ನು ಕಾಯಲು ಯತ್ನಿಸಿದನು.

ವಿದ್ವತ್ತು ಮತ್ತು ಮದರಸಾ

ಗವಾನನ ಪತ್ರಗಳ ಸಂಕಲನ ರಿಯಾಜ್-ಉಲ್-ಇನ್ಷಾ. ಪತ್ರಲೇಖನ ಕಲೆಯನ್ನು ಕುರಿತ ಗ್ರಂಥ ಮನಾಜಿರ್-ಉಲ್-ಇನ್ಷಾ. ಆಟೊಮನ್ ಸುಲ್ತಾನ ಎರಡನೆಯ ಮೆಹಮದ್ ಮತ್ತು ಪರ್ಷಿಯನ್ ಕವಿ ಜಾಮಿ ಈತನೊಡನೆ ಪತ್ರವ್ಯವಹಾರ ಹೊಂದಿದ್ದವರಲ್ಲಿ ಸೇರಿದ್ದಾರೆ.

ಬೀದರಿನ ಚೌಬಾರಾದಿಂದ ಕೋಟೆಗೆ ಹೋಗುವ ದಾರಿಯಲ್ಲಿರುವ ಮದರಸಾ 1472ರ ವೇಳೆಗೆ ಪೂರ್ಣಗೊಂಡಿತು. ಮೂರು ಅಂತಸ್ತುಗಳ ಈ ಕಟ್ಟಡದಲ್ಲಿ ಉಪನ್ಯಾಸ ಮಂದಿರಗಳು, ಗ್ರಂಥಾಲಯ, ಮಸೀದಿ ಹಾಗೂ ಬೋಧಕರ ಮತ್ತು ವಿದ್ಯಾರ್ಥಿಗಳ ಕೊಠಡಿಗಳಿದ್ದವು. ಗ್ರಂಥಾಲಯದಲ್ಲಿ 3,000 ಹಸ್ತಪ್ರತಿಗಳಿದ್ದವೆಂದು ಹೇಳಲಾಗಿದೆ. ಹೊರಗೋಡೆಗಳನ್ನು ಪರ್ಷಿಯನ್ ಶೈಲಿಯ ಬಣ್ಣದ ಹೊಳಪು ಹೆಂಚುಗಳಿಂದ ಅಲಂಕರಿಸಲಾಗಿತ್ತು. 1696ರಲ್ಲಿ ಸಂಭವಿಸಿದ ಸ್ಫೋಟದಲ್ಲಿ ಕಟ್ಟಡದ ಒಂದು ಭಾಗವೂ ಮುಂಭಾಗದ ಎರಡು ಮಿನಾರುಗಳಲ್ಲಿ ಒಂದೂ ನಾಶವಾದವು.

ಮರಣ

1481ರಲ್ಲಿ ಮುಹಮ್ಮದ್ ಷಾ ಪೂರ್ವದ ದಂಡಯಾತ್ರೆಯಲ್ಲಿದ್ದಾಗ ಗವಾನನ ವಿರೋಧಿಗಳು ಅವನ ಮುದ್ರೆಯನ್ನು ಕಾಯುತ್ತಿದ್ದ ಸೇವಕನನ್ನು ಒಲಿಸಿಕೊಂಡು, ಖಾಲಿ ಕಾಗದವೊಂದಕ್ಕೆ ಮುದ್ರೆ ಹಾಕಿಸಿಕೊಂಡರು. ಒರಿಸ್ಸಾದ ಅರಸನನ್ನು ಬಹಮನಿ ರಾಜ್ಯದ ಮೇಲೆ ದಂಡೆತ್ತಿ ಬರಲು ಆಹ್ವಾನಿಸುವ ಪತ್ರವನ್ನು ಅದರ ಮೇಲೆ ಬರೆದು ಸುಲ್ತಾನನಿಗೆ ತೋರಿಸಿದರು. ಮದ್ಯದ ಅಮಲಿನಲ್ಲಿದ್ದ ಸುಲ್ತಾನನು ಗವಾನನನ್ನು ಕರೆಸಿದನು. ಮುದ್ರೆ ತನ್ನದೇ ಹೌದು, ಪತ್ರ ತನ್ನದಲ್ಲ ಎಂದು ಗವಾನನು ತಿಳಿಸಿದರೂ ವಿಚಾರಣೆ ನಡೆಯಲಿಲ್ಲ. ಏಪ್ರಿಲ್ 5ರಂದು ಕೊಂಡಪಲ್ಲಿಯ ಶಿಬಿರದಲ್ಲಿ ಈತನ ಶಿರಚ್ಛೇದನವಾಯಿತು. ಅನಂತರ ಈತನ ಸಂಪತ್ತನ್ನು ಹುಡುಕಿದಾಗ ದೊರೆತ ಹಣ ಅತ್ಯಲ್ಪವಾಗಿತ್ತು. ನಿಜವನ್ನರಿತ ಸುಲ್ತಾನನು ಪಶ್ಚಾತ್ತಾಪಪಟ್ಟು ಒಂದು ವರ್ಷದೊಳಗೆ, 1482ರ ಮಾರ್ಚ್‌ನಲ್ಲಿ, ಮರಣಹೊಂದಿದನು. ಗವಾನನ ಸಮಾಧಿ ಬೀದರಿನ ಸಮೀಪದಲ್ಲಿದೆ.

ಪೇಟೆಯ ಅವನತಿ

ಗವಾನನ ವಧೆಯ ಬಳಿಕ ವಿದೇಶಿ ಮೂಲದ ಸರದಾರರಿಗೂ ವರ್ತಕರಿಗೂ ಬೀದರಿನ ಆಶ್ರಯದಲ್ಲಿ ನಂಬಿಕೆ ಉಳಿಯಲಿಲ್ಲ. ಈತನ ಆಪ್ತನಾಗಿದ್ದ ಯೂಸುಫ್ ಆದಿಲ್ ಖಾನ್ ಬಿಜಾಪುರಕ್ಕೆ ತೆರಳಿದನು. 1490ರ ವೇಳೆಗೆ ಬಿಜಾಪುರ, ಅಹಮದ್‌ನಗರ ಮತ್ತು ಬೀರಾರ್ ಸ್ವತಂತ್ರವಾದವು. ಕರಾವಳಿಗೆ ಹೋಗುವ ದಾರಿಗಳು ಈ ಹೊಸ ರಾಜ್ಯಗಳ ಪಾಲಾದವು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಕುದುರೆ ವ್ಯಾಪಾರವನ್ನು ತಮ್ಮ ಹಿಡಿತಕ್ಕೆ ತಂದುಕೊಂಡರು. ಬಂದರುಗಳನ್ನೂ ದೊಡ್ಡ ಸೈನ್ಯದ ಬೇಡಿಕೆಯನ್ನೂ ಕಳೆದುಕೊಂಡ ಬೀದರ್ ಬರೀದ್ ಷಾಹಿಗಳ ಸಣ್ಣ ರಾಜ್ಯದ ರಾಜಧಾನಿಯಾಗಿ ಉಳಿಯಿತು. 1619ರಲ್ಲಿ ಅದೂ ಬಿಜಾಪುರದಲ್ಲಿ ವಿಲೀನವಾಯಿತು.

ಸ್ಮರಣೆ

ಬೀದರಿನ ಗವಾನ್ ಚೌಕಕ್ಕೆ ಈತನ ಹೆಸರನ್ನಿಡಲಾಗಿದೆ. ಮದರಸಾ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿದೆ. ವಿದೇಶಿ ಕುದುರೆಗಳ ವ್ಯಾಪಾರ ಅಳಿದುಹೋಗಿದ್ದು, ಭಾಲ್ಕಿ ಮತ್ತು ಔರಾದ್ ಸೀಮೆ ಇಂದು ದೇವಣಿ ತಳಿಯ ದನಗಳಿಗೆ ಹೆಸರಾಗಿದೆ.